‘ನಿರ್ಣಾಯಕ ಖನಿಜ’ವೆಂಬ ಶಬ್ದವೂ ಕೊಡಗಿನ ಅನುಭವವೂ

ಶಾಸನಗಳನ್ನು ಓದಿ ಪರಿಶೋಧಿಸುವ ಕ್ರಮವೊಂದು ನಮ್ಮ ವಿದ್ವಾಂಸರಲ್ಲಿ ಬಹುಕಾಲದಿಂದ ನೆಲೆಗೊಂಡಿದೆ. ಕೊಡುವವನು ಯಾರು, ಕೊಡಲಾದ ವಸ್ತು ಯಾವುದು, ಅದರ ಎಲ್ಲೆ ಎಲ್ಲಿಂದ ಎಲ್ಲಿಗೆ, ಸಾಕ್ಷಿಗಳು ಯಾರು ಎಂಬ ನಾಲ್ಕು ಪ್ರಶ್ನೆಗಳನ್ನು ನಾವು ಯಾವ ದಾನಪತ್ರಕ್ಕಾದರೂ ಹಾಕುತ್ತೇವೆ. ಉತ್ತರ ದೊರೆತಷ್ಟೂ ಆ ಪತ್ರದಲ್ಲಿ ವಿಶ್ವಾಸ ಬಲಿಯುವುದು. ದೊರೆಯದಿದ್ದಲ್ಲಿ ಪ್ರಶಸ್ತಿಭಾಗವು ಎಷ್ಟು ಮನೋಹರವಾಗಿದ್ದರೂ ಸಂದೇಹವು ತಲೆದೋರುವುದು. ಎಪಿಗ್ರಾಫಿಯಾ ಕರ್ನಾಟಿಕದ ಪ್ರಥಮ ಸಂಪುಟವು ೧೮೮೬ರಲ್ಲಿ ರೈಸ್ ಅವರಿಂದ ಪ್ರಕಟವಾದಾಗ ಅದರ ವಿಷಯವು ಕೊಡಗಿನ ಶಾಸನಗಳೇ ಆಗಿದ್ದುವು. ಅವುಗಳಲ್ಲಿ ಪ್ರಸಿದ್ಧವಾದ ಮರ್ಕರಾ ತಾಮ್ರಶಾಸನದ ಕಾಲವನ್ನು ಕುರಿತು ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವುಂಟು. ಆದರೆ ಗಂಗರ ತಾಮ್ರಪಟಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ಒಂದು ಲಕ್ಷಣವು ನಿರ್ವಿವಾದವಾದುದು: ವಂಶಪ್ರಶಸ್ತಿಯು ಸಂಸ್ಕೃತದಲ್ಲಿರುವುದು, ಎಲ್ಲೆಕಟ್ಟಿನ ವಿವರ ಬಂದೊಡನೆ ಭಾಷೆಯು ಕನ್ನಡಕ್ಕೆ ತಿರುಗುವುದು. ಕಾರಣವು ಸ್ಪಷ್ಟವಾಗಿದೆ. ಪ್ರಶಸ್ತಿಯನ್ನು ಊರಿನವರು ಅರಿಯದಿದ್ದರೂ ರಾಜನಿಗೆ ನಷ್ಟವಿಲ್ಲ. ಎಲ್ಲೆಯನ್ನು ಅವರು ಅರಿಯದಿದ್ದರೆ ದಾನವೇ ನಿಲ್ಲದು.

ಇದೇ ಕ್ರಮದಿಂದ ನಮ್ಮ ಕಾಲದ ಒಂದು ರಾಜಶಾಸನವನ್ನು ಓದಿ ನೋಡುವುದು ಈ ಲೇಖನದ ಉದ್ದೇಶವಾಗಿದೆ. ವಿದ್ಯುದ್ವಾಹನ, ಸೌರಫಲಕ, ಗಾಳಿಯಂತ್ರ, ಗಣಕಯಂತ್ರ, ದೂರವಾಣಿ ಮೊದಲಾದವುಗಳಿಗೆ ಬೇಕಾಗುವ ಖನಿಜಗಳ ವಿಷಯದಲ್ಲಿ ಭಾರತ ಸರ್ಕಾರವು ೨೦೨೩ರಿಂದೀಚೆಗೆ ಒಂದು ನೀತಿಯನ್ನು ರಚಿಸಿದೆ. ಅದು ಒಂದೇ ಪತ್ರದಲ್ಲಿಲ್ಲ. ಹಲವು ಪತ್ರಗಳಲ್ಲಿ ಹರಡಿದೆ. ೨೦೨೩ರ ಜೂನ್ ತಿಂಗಳಲ್ಲಿ ಗಣಿ ಮಂತ್ರಾಲಯವು ೩೦ ಖನಿಜಗಳನ್ನು ನಿರ್ಣಾಯಕವೆಂದು ಹೆಸರಿಸಿದ ವರದಿಯನ್ನು ಪ್ರಕಟಿಸಿತು. ಅದೇ ವರ್ಷ ಗಣಿ ಮತ್ತು ಖನಿಜಗಳ ಕಾಯಿದೆಗೆ ತಿದ್ದುಪಡಿಯಾಗಿ, ೨೪ ಖನಿಜಗಳ ಹೊಸ ವಿಭಾಗವೊಂದು ಅನುಸೂಚಿಯಲ್ಲಿ ಸೇರಿತು. ಇವುಗಳ ಹರಾಜನ್ನು ನಡೆಸುವ ಅಧಿಕಾರವು ಕೇಂದ್ರ ಸರ್ಕಾರಕ್ಕೆ ಹೋಯಿತು, ಆದಾಯವು ರಾಜ್ಯಕ್ಕೆ ಉಳಿಯಿತು. ೨೦೨೫ರ ಜನವರಿ ೨೯ರಂದು ರಾಷ್ಟ್ರೀಯ ನಿರ್ಣಾಯಕ ಖನಿಜ ಮಿಷನ್ನಿಗೆ ಮಂತ್ರಿಮಂಡಲವು ಒಪ್ಪಿಗೆಯಿತ್ತಿತು. ಇದಕ್ಕೆ ಸರ್ಕಾರದಿಂದ ೧೬,೩೦೦ ಕೋಟಿ ರೂಪಾಯಿಯ ವೆಚ್ಚವೂ ಸರ್ಕಾರಿ ಉದ್ಯಮಗಳಿಂದ ೧೮,೦೦೦ ಕೋಟಿ ರೂಪಾಯಿಯ ಹೂಡಿಕೆಯೂ ನಿರೀಕ್ಷಿತವಾಗಿದೆ. ಅವಧಿಯು ೨೦೩೦–೩೧ರ ವರೆಗೆ. ಕಡೆಯದಾಗಿ, ೨೦೨೫ರ ಸೆಪ್ಟೆಂಬರ್ ೮ರಂದು ಪರಿಸರ ಮಂತ್ರಾಲಯವು ಹೊರಡಿಸಿದ ಜ್ಞಾಪನಪತ್ರವು ಇಂಥ ಖನಿಜಗಳ ಗಣಿ ಯೋಜನೆಗಳನ್ನು ಸಾರ್ವಜನಿಕ ಸಮಾಲೋಚನೆಯಿಂದ ಬಿಡುಗಡೆ ಮಾಡಿತು. ಈ ಪತ್ರಸಮೂಹವನ್ನು ಒಂದೇ ಗ್ರಂಥವೆಂದು ಭಾವಿಸಿ ವಿಚಾರ ಮಾಡೋಣ.

೧. ಶಬ್ದ

ಮೊದಲು ಹೆಸರನ್ನೇ ತೆಗೆದುಕೊಳ್ಳಬಹುದು. ‘ಕ್ರಿಟಿಕಲ್’ ಎಂಬ ಇಂಗ್ಲಿಷ್ ವಿಶೇಷಣಕ್ಕೆ ಕನ್ನಡದಲ್ಲಿ ‘ನಿರ್ಣಾಯಕ’ವೆಂಬುದು ಬಳಕೆಗೆ ಬಂದಿದೆ. ಮೂಲ ಶಬ್ದವು ತೀರ್ಪುಕೊಡು, ಬೇರ್ಪಡಿಸು ಎಂಬರ್ಥದ ಗ್ರೀಕ್ ಧಾತುವಿನಿಂದ ಹುಟ್ಟಿದುದು. ವಿಮರ್ಶೆಗೆ ಪಾಶ್ಚಾತ್ಯರು ಹೇಳುವ ಹೆಸರೂ ಅದೇ ಧಾತುವಿನದು. ರೋಗವು ಉಳಿವು ಅಳಿವುಗಳ ಸಂಧಿಗೆ ಬಂದಾಗ ವೈದ್ಯರು ಹೇಳುವ ಹೆಸರೂ ಅದರದೇ. ಕನ್ನಡಕ್ಕೆ ಬಂದ ಶಬ್ದವು ಇನ್ನೂ ಕುತೂಹಲಕರವಾಗಿದೆ. ‘ನಿರ್’ ಉಪಸರ್ಗ, ‘ನೀ’ ಧಾತು, ಅದರ ಮೇಲೆ ಕರ್ತೃವನ್ನು ಹೇಳುವ ‘ಅಕ’ ಪ್ರತ್ಯಯ: ಹೀಗೆ ಸಿದ್ಧವಾದ ‘ನಿರ್ಣಾಯಕ’ಕ್ಕೆ ನಿರ್ಣಯವನ್ನು ಮಾಡತಕ್ಕವನು ಎಂದೇ ಅರ್ಥ, ನಾಯಕ, ಗಾಯಕ, ಪಾಲಕ ಎಂಬವುಗಳಂತೆ. ಕಲ್ಲು ನಿರ್ಣಯ ಮಾಡದು. ನಿರ್ಣಯ ಮಾಡುವವನು ಮನುಷ್ಯನು. ಇಲ್ಲಿ ದೆಹಲಿಯ ಸಮಿತಿಯು. ಕರ್ತೃವಿನ ಪದವಿಯನ್ನು ವಸ್ತುವಿಗೆ ಕೊಟ್ಟಾಗ ನಿಜವಾದ ಕರ್ತೃವು ವಾಕ್ಯದಿಂದ ಮರೆಯಾಗುವನು. ‘ಈ ಖನಿಜವು ನಿರ್ಣಾಯಕವಾದುದು’ ಎಂದರೆ ಅದು ಕಲ್ಲಿನ ಸಹಜ ಗುಣವೆಂಬಂತೆ ಕೇಳಿಸುತ್ತದೆ. ‘ಈ ಖನಿಜವು ಇಂಥವರಿಗೆ, ಇಂಥ ಕೆಲಸಕ್ಕೆ, ಇಂಥ ಕಾಲದಲ್ಲಿ ಅತ್ಯವಶ್ಯವೆಂದು ಇಂಥವರು ತೀರ್ಮಾನಿಸಿದರು’ ಎಂದರೆ ಮಾತ್ರ ಸಂಗತಿ ಪೂರ್ಣವಾಗುವುದು.

ಇದು ಕೇವಲ ವೈಯಾಕರಣರ ಚರ್ಚೆಯಲ್ಲ. ಗುಣವೆಂದು ತಿಳಿದುದನ್ನು ಯಾರೂ ಪ್ರಶ್ನಿಸುವುದಿಲ್ಲ. ತೀರ್ಮಾನವೆಂದು ತಿಳಿದುದನ್ನು ಪ್ರಶ್ನಿಸಬಹುದು. ಸರ್ಕಾರದ ವರದಿಯೇ ತನ್ನ ಒರೆಗಲ್ಲುಗಳನ್ನು ಹೇಳಿದೆ: ಆರ್ಥಿಕ ಪ್ರಾಮುಖ್ಯ ಒಂದು, ಸರಬರಾಜಿಗೆ ಒದಗಬಹುದಾದ ಅಪಾಯ ಮತ್ತೊಂದು. ಇವೆರಡೂ ಕಾಲದೇಶಗಳಿಗನುಸಾರವಾಗಿ ಬದಲಾಗುವ ಸಂಗತಿಗಳು.

೨. ವಸ್ತು

ಬದಲಾಗುತ್ತವೆಂಬುದಕ್ಕೆ ಕೊಡಗಿನವರು ದೂರದ ನಿದರ್ಶನವನ್ನು ಹುಡುಕಬೇಕಾಗಿಲ್ಲ. ಸಂಪಾಜೆಯ ಕಡೆಯ ಇಳಿಜಾರುಗಳಲ್ಲಿ ರಬ್ಬರನ್ನು ಬೆಳೆಯುವುದುಂಟು. ಯೂರೋಪಿನ ಒಕ್ಕೂಟವು ೨೦೧೭ರಲ್ಲಿಯೂ ೨೦೨೦ರಲ್ಲಿಯೂ ಪ್ರಕಟಿಸಿದ ನಿರ್ಣಾಯಕ ಕಚ್ಚಾವಸ್ತುಗಳ ಪಟ್ಟಿಯಲ್ಲಿ ಸ್ವಾಭಾವಿಕ ರಬ್ಬರು ಸೇರಿತ್ತು. ೨೦೨೩ರ ಪಟ್ಟಿಯಲ್ಲಿ ಅದಿಲ್ಲ. ಮರವೂ ಹಾಲೂ ಬದಲಾಗಲಿಲ್ಲ. ಬದಲಾದುದು ಯೂರೋಪಿನ ಲೆಕ್ಕಾಚಾರ.

ನಮ್ಮ ದೇಶದ ಎರಡು ಪಟ್ಟಿಗಳನ್ನು ಹೋಲಿಸಿದರೂ ಇದೇ ಕಾಣುವುದು. ವರದಿಯಲ್ಲಿ ಹೆಸರಿಸಿದ ಮೂವತ್ತರಲ್ಲಿ ತಾಮ್ರವಿದೆ. ಕಾಯಿದೆಯ ಇಪ್ಪತ್ತನಾಲ್ಕರಲ್ಲಿ ಅದಿಲ್ಲ. ಕಾಯಿದೆಯ ಪಟ್ಟಿಯಲ್ಲಿ ಗ್ಲಾಕೊನೈಟ್ ಎಂಬ ಪೊಟ್ಯಾಷ್ ಯುಕ್ತವಾದ ಖನಿಜಕ್ಕೆ ಪ್ರತ್ಯೇಕ ಸ್ಥಾನವಿದೆ. ವರದಿಯ ಪಟ್ಟಿಯಲ್ಲಿ ಆ ಹೆಸರಿಲ್ಲ. ಲಿಥಿಯಂ, ಬೆರಿಲಿಯಂ, ನಿಯೋಬಿಯಂ, ಟ್ಯಾಂಟಲಂ, ಟೈಟೇನಿಯಂ, ಜಿರ್ಕೋನಿಯಂಗಳ ಅದಿರುಗಳು ೨೦೨೩ರ ವರೆಗೆ ಅಣುಖನಿಜಗಳೆಂಬ ವರ್ಗದಲ್ಲಿದ್ದು ಆ ಬಳಿಕ ಹೊಸ ವರ್ಗಕ್ಕೆ ಬಂದುವು. ಪಾಠಾಂತರಗಳಿರುವ ಗ್ರಂಥವನ್ನು ಸಂಪಾದಿಸುವವನು ಯಾವ ಪಾಠವನ್ನು ಏಕೆ ಅಂಗೀಕರಿಸಿದನೆಂಬುದಕ್ಕೆ ಕಾರಣ ಕೊಡಬೇಕೆಂಬುದು ನಮ್ಮಲ್ಲಿ ನಿಯಮ. ಒಂದು ಪಟ್ಟಿಯಲ್ಲಿ ಹೆಸರು ಸೇರಿದ ಮಾತ್ರದಿಂದ ಒಂದು ಊರಿನ ಜನರಿಗೆ ತಮ್ಮ ಅಹವಾಲನ್ನು ಹೇಳಿಕೊಳ್ಳುವ ಹಕ್ಕು ತಪ್ಪುವುದಾದರೆ, ಈ ನಿಯಮವು ಅಲ್ಲಿ ಇನ್ನಷ್ಟು ಕಟ್ಟುನಿಟ್ಟಾಗಿರಬೇಡವೆ?

೩. ಎಲ್ಲೆ

ಮೂರನೆಯ ಪ್ರಶ್ನೆಯು ಎಲ್ಲೆಯದು. ಕೊಡಗಿನ ಲಿಂಗರಾಜನ ಕಾಲದಲ್ಲಿ, ೧೮೧೨ರಿಂದ ೧೮೧೬ರ ವರೆಗೆ, ಭೂಮಿಯ ಲೆಕ್ಕಪತ್ರವು ‘ಶಿಸ್ತು’ ಎಂಬ ಹೆಸರಿನಿಂದ ಸಿದ್ಧವಾಯಿತು. ಆ ಅರಸನ ಆಳ್ವಿಕೆಯ ಕಠೋರತೆಯನ್ನು ಕುರಿತು ಇತಿಹಾಸಕಾರರು ಬೇಕಾದಷ್ಟು ಹೇಳಿರುವರು. ಆದರೂ ಆ ಲೆಕ್ಕವು ಹಿಡುವಳಿ ಹಿಡುವಳಿಯಾಗಿ ಗುರುತಿಸುವ ಸ್ವರೂಪದ್ದಾಗಿದ್ದು, ಇಂಗ್ಲಿಷರು ೧೮೩೪ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಬಳಿಕವೂ ಕಂದಾಯದ ಆಧಾರವಾಗಿ ಉಪಯೋಗಕ್ಕೆ ಬಂದಿತು. ಇಂದಿನ ಖನಿಜನೀತಿಯ ಮುಖ್ಯ ಪತ್ರಗಳಲ್ಲಿ ಊರಿನ ಹೆಸರುಗಳಿಗಿಂತ ಮೊತ್ತಗಳ ಅಂಕಿಗಳೇ ಹೆಚ್ಚು. ಆ ಅಂಕಿಗಳಾದರೂ ಎಷ್ಟು ಸ್ಥಿರವಾದುವು?

ಕೊಡಗಿನ ತಲಕಾವೇರಿಯಲ್ಲಿ ಹುಟ್ಟಿದ ಹೊಳೆಯು ಕೆಳಗಿಳಿದು ಹೋಗುವ ಮಂಡ್ಯ ಜಿಲ್ಲೆಯಲ್ಲಿ ಮಾರ್ಲಗಲ್ಲ ಎಂಬ ಊರಿದೆ. ಅಲ್ಲಿನ ಶಿಲೆಗಳಲ್ಲಿ ಲಿಥಿಯಂ ಇರುವುದೆಂದು ಅಣುಖನಿಜ ನಿರ್ದೇಶನಾಲಯದವರು ಕಂಡುಹಿಡಿದರು. ೨೦೨೦ರಲ್ಲಿ ಪ್ರಚಾರಕ್ಕೆ ಬಂದ ಅಂದಾಜು ೧೪,೧೦೦ ಟನ್. ೨೦೨೧ರಲ್ಲಿ ಸರ್ಕಾರವು ಅಧಿಕೃತವಾಗಿ ಹೇಳಿದುದು ೧,೬೦೦ ಟನ್. ಒಂದು ವರ್ಷದೊಳಗೆ ನಿಧಿಯು ಒಂಬತ್ತರಲ್ಲಿ ಒಂದು ಪಾಲಿನಷ್ಟಾಯಿತು. ಜಮ್ಮುವಿನ ಸಲಾಲ್–ಹೈಮಾನ ಪ್ರದೇಶದಲ್ಲಿ ೫೯ ಲಕ್ಷ ಟನ್ನಿನ ಸಂಪತ್ತಿದೆಯೆಂದು ೨೦೨೩ರ ಫೆಬ್ರವರಿಯಲ್ಲಿ ಘೋಷಣೆಯಾಯಿತು. ೨೦೨೪ರಲ್ಲಿ ಸಾಕಷ್ಟು ಮಂದಿ ಬಿಡ್ಡುದಾರರು ಮುಂದೆ ಬಾರದೆ ಅದರ ಹರಾಜು ರದ್ದಾಯಿತು. ಭೂವಿಜ್ಞಾನಿಗಳು ಇಂಥ ಅಂದಾಜುಗಳಿಗೆ ‘ಅನುಮಿತ’ವೆಂಬ ಎಚ್ಚರದ ವಿಶೇಷಣವನ್ನು ಸೇರಿಸಿಯೇ ಹೇಳುವರು. ಪ್ರತ್ಯಕ್ಷಕ್ಕೂ ಅನುಮಾನಕ್ಕೂ ಇರುವ ಭೇದವನ್ನು ನಮ್ಮ ತಾರ್ಕಿಕರು ಬಲ್ಲರು. ಘೋಷಣೆಯ ಭಾಷೆಯು ಮಾತ್ರ ಆ ಭೇದವನ್ನು ನುಂಗಿಹಾಕುತ್ತದೆ.

ಪಶ್ಚಿಮಘಟ್ಟದ ಎಲ್ಲೆಯ ವಿಷಯವಂತೂ ಇನ್ನೂ ತೊಡಕಿನದು. ತಲಕಾವೇರಿ, ಬ್ರಹ್ಮಗಿರಿ, ಪುಷ್ಪಗಿರಿಗಳ ಅರಣ್ಯಗಳು ೨೦೧೨ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶವನ್ನು ಗುರುತಿಸಿ ಅಲ್ಲಿ ಗಣಿಗಾರಿಕೆಯನ್ನು ನಿಷೇಧಿಸಬೇಕೆಂಬ ಕರಡು ಅಧಿಸೂಚನೆಯು ೨೦೧೪ರಿಂದ ಮತ್ತೆ ಮತ್ತೆ ಹೊರಟು, ಆರನೆಯದು ೨೦೨೪ರ ಜುಲೈ ೩೧ರಂದು ಪ್ರಕಟವಾಯಿತು. ಅಗೆಯಬಾರದ ನೆಲವನ್ನು ಗುರುತಿಸುವುದಕ್ಕೆ ಹತ್ತು ವರ್ಷಗಳೂ ಆರು ಕರಡುಗಳೂ ಸಾಲದಾದುವು; ಅಗೆಯುವ ದಾರಿಯನ್ನು ಹಸನು ಮಾಡುವುದಕ್ಕೆ ಎರಡು ವರ್ಷಗಳು ಸಾಕಾದುವು. ಇವೆರಡು ಪತ್ರಗಳನ್ನು ಒಂದೇ ಮೇಜಿನ ಮೇಲಿಟ್ಟು ಓದಿದವರಿಗೆ ಒಂದೇ ಸರ್ಕಾರದ ಎರಡು ಕೈಗಳು ಬೇರೆ ಬೇರೆ ವೇಗದಿಂದ ಬರೆದುವೆಂದು ತೋರದಿರದು.

೪. ಸಾಕ್ಷಿ

ನಾಲ್ಕನೆಯದಾದ ಸಾಕ್ಷಿಯ ವಿಷಯವೇ ನಮ್ಮ ಮತದಲ್ಲಿ ಈ ನೀತಿಯ ಮರ್ಮಸ್ಥಾನವು. ೨೦೦೬ರ ಪರಿಸರ ಅಧಿಸೂಚನೆಯ ಪ್ರಕಾರ ದೊಡ್ಡ ಗಣಿ ಯೋಜನೆಗಳಿಗೆ ಅನುಮತಿ ಕೊಡುವ ಮುನ್ನ ಆ ಸ್ಥಳದಲ್ಲಿಯೇ ಸಾರ್ವಜನಿಕ ಅಹವಾಲು ಸಭೆಯನ್ನು ನಡೆಸಬೇಕಾಗಿತ್ತು. ಯೋಜನೆಯ ಸಂಗ್ರಹವು ಆ ಸೀಮೆಯ ಭಾಷೆಯಲ್ಲಿಯೂ ಇರಬೇಕು. ಸಭೆಯ ಕಡೆಯಲ್ಲಿ ಜನರು ಎತ್ತಿದ ಆಕ್ಷೇಪಣೆಗಳನ್ನು ಸ್ಥಳೀಯ ಭಾಷೆಯಲ್ಲಿ ಓದಿ ಹೇಳಬೇಕು. ಈ ಸಭೆಗಳು ಎಲ್ಲೆಡೆಯೂ ಚೆನ್ನಾಗಿ ನಡೆದುವೆಂದು ಯಾರೂ ಹೇಳಲಾರರು. ಆದರೂ ಇಂಗ್ಲಿಷಿನಲ್ಲಿ ಆರಂಭವಾಗಿ ಇಂಗ್ಲಿಷಿನಲ್ಲಿ ಮುಗಿಯುವ ಅನುಮತಿಯ ದೀರ್ಘಮಾರ್ಗದಲ್ಲಿ ಊರಿನವರ ಮಾತು ಒಳಗೆ ಬರುವುದಕ್ಕೆ ಇದ್ದ ಮುಖ್ಯ ಬಾಗಿಲು ಅದೇ ಆಗಿತ್ತು. ಸಾವಿರದೈನೂರು ವರ್ಷಗಳ ಹಿಂದಿನ ತಾಮ್ರಪಟದಲ್ಲಿ ಎಲ್ಲೆಯನ್ನು ಹೇಳುವಾಗ ಕನ್ನಡಕ್ಕೆ ದೊರೆತ ಸ್ಥಾನವೇ ಇಲ್ಲಿ ಬೇರೆ ರೂಪದಿಂದ ಉಳಿದುಬಂದಿತ್ತು.

ಆ ಅಧಿಸೂಚನೆಯಲ್ಲಿ ಒಂದು ವಿನಾಯಿತಿಯೂ ಇತ್ತು. ರಾಷ್ಟ್ರರಕ್ಷಣೆಗೆ ಸಂಬಂಧಪಟ್ಟ ಯೋಜನೆಗಳಿಗೂ, ಕೇಂದ್ರ ಸರ್ಕಾರವು ಸಾಮರಿಕ ಮಹತ್ತ್ವವುಳ್ಳವೆಂದು ನಿರ್ಧರಿಸಿದ ಇತರ ಯೋಜನೆಗಳಿಗೂ ಸಭೆಯ ಅಗತ್ಯವಿಲ್ಲವೆಂಬುದು ಅದರ ತಾತ್ಪರ್ಯ. ೨೦೨೫ರ ಜ್ಞಾಪನಪತ್ರವು ಈ ಸಣ್ಣ ಬಾಗಿಲಿನಿಂದಲೇ ಒಳಹೊಕ್ಕು, ಅಣುಖನಿಜಗಳ ಗಣಿಗಳನ್ನೂ ಹೊಸ ವಿಭಾಗದ ಇಪ್ಪತ್ತನಾಲ್ಕು ಖನಿಜಗಳ ಗಣಿಗಳನ್ನೂ ಒಟ್ಟಾಗಿ ಸಮಾಲೋಚನೆಯಿಂದ ಹೊರಗಿಟ್ಟಿತು. ಅವುಗಳ ಪರಿಶೀಲನೆಯು ಕೇಂದ್ರದಲ್ಲಿಯೇ ನಡೆಯಬೇಕೆಂದು ವಿಧಿಸಿತು. ಪಾರ್ಲಿಮೆಂಟಿನ ಚರ್ಚೆಯಿಲ್ಲದ ಒಂದು ಕಛೇರಿಯ ಪತ್ರದಿಂದ ಇದು ಆದುದನ್ನು ಗಮನಿಸಬೇಕು. ‘ನಿರ್ಣಾಯಕ’ವೆಂಬ ವಿಶೇಷಣವು ವರದಿಯಲ್ಲಿ ವರ್ಣನೆಯಾಗಿದ್ದುದು ಕಾಯಿದೆಯಲ್ಲಿ ವರ್ಗವಾಯಿತು, ಜ್ಞಾಪನಪತ್ರದಲ್ಲಿ ಬಾಯಿಗೆ ಬೀಗವಾಯಿತು.

ಅರಣ್ಯಭೂಮಿಯಲ್ಲಿ ೨೦೦೬ರ ಅರಣ್ಯಹಕ್ಕುಗಳ ಕಾಯಿದೆಯ ಮೇರೆಗೆ ಗ್ರಾಮಸಭೆಗೆ ಕೆಲವು ಅಧಿಕಾರಗಳಿವೆಯೆಂಬುದು ನಿಜ. ಜೇನುಕುರುಬರು, ಬೆಟ್ಟಕುರುಬರು, ಯರವರು ಮೊದಲಾದವರಿಗೆ ಅದೊಂದು ಆಸರೆಯಾಗಿದೆ. ಆದರೆ ಕಾಡಿನ ಅಂಚಿನ ಗದ್ದೆಯವನಿಗೂ ತೋಟದ ಕೂಲಿಯವನಿಗೂ ಹೊಳೆಯ ಕೆಳಗಿನ ಊರಿನವನಿಗೂ ಆ ಆಸರೆ ತಲಪುವುದಿಲ್ಲ. ಕೊಡಗಿನಲ್ಲಿ ಕನ್ನಡವೇ ಎಲ್ಲರ ಮನೆಮಾತಲ್ಲವೆಂಬುದನ್ನೂ ಇಲ್ಲಿ ನೆನೆಯಬೇಕು. ಕೊಡವ ತಕ್ಕ್, ಅರೆಭಾಷೆ, ಯರವರ ನುಡಿಗಳಲ್ಲಿ ಬದುಕುವವರಿಗೆ ಕನ್ನಡದ ಸಭೆಯೇ ಒಂದು ಮೆಟ್ಟಿಲು ದೂರದ್ದು; ಅದೂ ಇಲ್ಲವಾದರೆ ದೂರವು ಅಳತೆಗೆ ಸಿಕ್ಕದು.

೫. ಕೊಡಗಿನ ಅನುಭವ

ಬೆಲೆಯುಳ್ಳ ವಸ್ತುವನ್ನು ದೂರದ ಅಧಿಕಾರವು ಪಟ್ಟಿಮಾಡಿ ತನ್ನದೆಂದು ಹೇಳಿದರೆ ಏನಾಗುವುದೆಂಬುದಕ್ಕೆ ಕೊಡಗಿನಲ್ಲಿ ಮೂರು ನಿದರ್ಶನಗಳುಂಟು.

ಮೊದಲನೆಯದು ಬಾಣೆಯ ಮರಗಳು. ಜಮ್ಮಾ ಗದ್ದೆಗೆ ಸೊಪ್ಪು, ಸೌದೆ, ಮೇವುಗಳಿಗೆಂದು ಸೇರಿಕೊಂಡ ಕಾಡುಭೂಮಿಯೇ ಬಾಣೆ. ೧೮೯೯ರ ಕೊಡಗಿನ ಭೂಕಂದಾಯ ನಿಬಂಧನೆಯಿಂದ ಮುಂದುವರಿದು ಬಂದ ಪದ್ಧತಿಯಲ್ಲಿ, ಮರಗಳ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಳ್ಳದ ಭೂಮಿಯಲ್ಲಿ ನಾಟಾ ಮರಗಳ ಹಕ್ಕು ಸರ್ಕಾರದ್ದು. ಭೂಮಿಯನ್ನು ಸಾಗುವಳಿ ಮಾಡುವವನು ಒಬ್ಬ, ಅದರ ಮೇಲಿನ ಬೀಟೆ, ನಂದಿ, ಹೊನ್ನೆಗಳ ಒಡೆಯನು ಮತ್ತೊಬ್ಬ. ಕಾಫಿಯ ತೋಟಗಾರನು ಇದಕ್ಕೆ ಕಂಡುಕೊಂಡ ಉತ್ತರವೆಂದರೆ ಸಿಲ್ವರ್ ಮರ. ಆಸ್ಟ್ರೇಲಿಯದಿಂದ ಬಂದ ಆ ಮರವನ್ನು ನೆಟ್ಟವನೇ ಕಡಿಯಬಹುದು, ಮಾರಬಹುದು. ಹಳೆಯ ಕಾಡುಮರಗಳ ನೆರಳು ಸರಿದು ತೋಟದ ಮೇಲೆ ಸಿಲ್ವರ್ ಮರಗಳ ಸಾಲು ಹಬ್ಬಿದುದಕ್ಕೆ ಈ ಹಕ್ಕಿನ ಭೇದವು ಒಂದು ಪ್ರಬಲ ಕಾರಣವೆಂದು ತೋಟಗಳನ್ನು ಅಭ್ಯಸಿಸಿದ ವಿಜ್ಞಾನಿಗಳು ತೋರಿಸಿರುವರು. ಅಮೂಲ್ಯವೆಂದು ಸರ್ಕಾರವು ಹಿಡಿದುಕೊಂಡುದೇ ಅಪರೂಪವಾಯಿತು.

ಎರಡನೆಯದು ಶ್ರೀಗಂಧ. ಯಾರ ನೆಲದಲ್ಲಿ ಬೆಳೆದರೂ ಗಂಧದ ಮರವು ಸರ್ಕಾರದ್ದೆಂಬ ಕಟ್ಟಳೆಯು ಕನ್ನಡ ನಾಡಿನಲ್ಲಿ ತಲೆಮಾರುಗಳ ಕಾಲ ನಡೆಯಿತು. ತನ್ನದಲ್ಲದ ಮರಕ್ಕೆ ಕಾವಲುಗಾರನಾಗಿ, ಅದು ಕಳವಾದರೆ ಅಪರಾಧಿಯೂ ಆಗಬೇಕಾಗಿದ್ದ ರೈತನು ಸಸಿಯನ್ನು ಕಂಡಾಗ ಹರ್ಷಪಡುವನೆಂದು ನಿರೀಕ್ಷಿಸುವುದು ಲೋಕಾನುಭವಕ್ಕೆ ದೂರವಾದುದು. ೨೦೦೧ರ ತಿದ್ದುಪಡಿಯಿಂದ ಭೂಮಿಯ ಒಡೆಯನೇ ಗಂಧದ ಒಡೆಯನೆಂದು ಕಾಯಿದೆಯಾಯಿತು. ಅಷ್ಟರಲ್ಲಿ, ೧೯೯೮ರಲ್ಲಿಯೇ, ಆ ವೃಕ್ಷವು ಅಪಾಯಕ್ಕೊಳಗಾದ ಜಾತಿಗಳ ಅಂತಾರಾಷ್ಟ್ರೀಯ ಪಟ್ಟಿಯನ್ನು ಸೇರಿಯಾಗಿತ್ತು.

ಮೂರನೆಯದು ದೇವರಕಾಡು. ಊರಿನವರು ದೈವಭಯದಿಂದಲೂ ಕಟ್ಟುಪಾಡಿನಿಂದಲೂ ಉಳಿಸಿಕೊಂಡು ಬಂದಿದ್ದ ಈ ಬನಗಳು ಆಳುವವರ ದಫ್ತರಗಳಲ್ಲಿ ಅರಣ್ಯ ಇಲಾಖೆಗೂ ಕಂದಾಯ ಇಲಾಖೆಗೂ ನಡುವೆ ಓಡಾಡಿದುವು. ೧೯೦೫ರಲ್ಲಿ ೧೫,೫೦೬ ಎಕರೆಗಳಷ್ಟಿದ್ದ ವಿಸ್ತೀರ್ಣವು ೧೯೮೫ರ ವೇಳೆಗೆ ೬,೨೯೯ ಎಕರೆಗಳಿಗೆ ಇಳಿಯಿತು. ದಾಖಲೆ ಇದ್ದಿತು, ಇಲಾಖೆ ಇದ್ದಿತು. ನೋಡಿಕೊಳ್ಳತಕ್ಕವರ ಮಾತಿಗೆ ಮಾತ್ರ ಬಲವಿರಲಿಲ್ಲ.

ಮೂರೂ ಕಡೆ ಕಾಣುವ ಸೂತ್ರವೊಂದೇ. ವಸ್ತುವಿನ ಬೆಲೆಯನ್ನು ಒಪ್ಪಿ, ಅದರ ನೆರೆಯಲ್ಲಿ ಬಾಳುವವರ ಪಾಲನ್ನು ಒಪ್ಪದಿದ್ದರೆ, ಕಾಪಾಡಲು ಹೊರಟ ವಸ್ತುವೇ ಕೈಬಿಟ್ಟು ಹೋಗುವುದು. ಮರವು ಮತ್ತೆ ಬೆಳೆದೀತು. ಅಗೆದ ಬೆಟ್ಟವು ಬೆಳೆಯದೆಂಬುದೊಂದೇ ಖನಿಜದ ವಿಷಯದಲ್ಲಿರುವ ವ್ಯತ್ಯಾಸ.

೬. ಪೂರ್ವಪಕ್ಷ

ಇದಕ್ಕೆ ಎದುರಾಗಿ ಹೇಳಬಹುದಾದ ವಾದವು ದುರ್ಬಲವಾದುದಲ್ಲ. ಅದನ್ನು ಪೂರ್ಣವಾಗಿ ಮಂಡಿಸದೆ ಖಂಡಿಸುವುದು ನ್ಯಾಯವಲ್ಲ. ಲಿಥಿಯಂ, ಕೋಬಾಲ್ಟ್, ನಿಕ್ಕಲ್ ಸೇರಿದಂತೆ ಹತ್ತು ಖನಿಜಗಳಿಗೆ ಭಾರತವು ಸಂಪೂರ್ಣವಾಗಿ ಹೊರದೇಶಗಳನ್ನೇ ಅವಲಂಬಿಸಿದೆಯೆಂದು ೨೦೨೩ರ ವರದಿಯು ಹೇಳುತ್ತದೆ. ೨೦೨೩ರಲ್ಲಿ ಚೀನವು ಗ್ಯಾಲಿಯಂ, ಜರ್ಮೇನಿಯಂಗಳ ರಫ್ತಿಗೂ, ೨೦೨೫ರ ಏಪ್ರಿಲಿನಲ್ಲಿ ಏಳು ವಿರಳ ಭೂಧಾತುಗಳ ರಫ್ತಿಗೂ ಕಡಿವಾಣ ಹಾಕಿದಾಗ ಅದರ ಬಿಸಿ ಎಲ್ಲ ದೇಶಗಳ ಕಾರ್ಖಾನೆಗಳಿಗೂ ತಟ್ಟಿತು. ಕಲ್ಲಿದ್ದಲನ್ನು ಬಿಡಬೇಕಾದರೆ ಬ್ಯಾಟರಿ ಬೇಕು, ಬ್ಯಾಟರಿಗೆ ಲಿಥಿಯಂ ಬೇಕು. ೨೦೧೮ರ ಆಗಸ್ಟಿನ ಭೂಕುಸಿತಗಳನ್ನು ಕಂಡ ಕೊಡಗು, ಮಳೆಗಾಲದ ರೀತಿ ಕೆಡುವುದೆಂದರೇನೆಂಬುದನ್ನು ಬಲ್ಲದು. ಹವೆಯನ್ನು ಕಾಯುವ ಯಂತ್ರಗಳಿಗೆ ಕಚ್ಚಾವಸ್ತು ಬೇಡವೆಂದು ಅದು ಹೇಳಲಾರದು. ಮೇಲಾಗಿ, ಸಭೆಗಳಿಂದ ವರ್ಷಗಟ್ಟಲೆ ವಿಳಂಬವಾಗುವುದೆಂಬ ದೂರೂ ಉಂಟು.

ಅವಶ್ಯಕತೆಯನ್ನು ನಾವು ಒಪ್ಪುತ್ತೇವೆ. ಆದರೆ ಅವಶ್ಯಕತೆಯಿಂದ ಮೌನವು ಫಲಿಸುವುದಿಲ್ಲ. ಕುದುರೆಮುಖದ ಉದಾಹರಣೆಯನ್ನು ನೋಡಬಹುದು. ೧೯೭೬ರಲ್ಲಿ ಇರಾನಿಗೆ ಅದಿರನ್ನು ಕಳುಹುವ ಉದ್ದೇಶದಿಂದ ಅಲ್ಲಿ ಸರ್ಕಾರಿ ಕಂಪೆನಿ ಸ್ಥಾಪಿತವಾಯಿತು. ಅದೂ ಅಂದಿಗೆ ರಾಷ್ಟ್ರಮಹತ್ತ್ವದ ಕೆಲಸವೇ ಆಗಿತ್ತು. ಘಟ್ಟದ ಕಾಡಿನ ನಡುವೆ ಎರಡು ದಶಕಗಳಿಗೂ ಹೆಚ್ಚು ಕಾಲ ಅಗೆದು, ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಂತೆ ೨೦೦೫ರ ಅಂತ್ಯಕ್ಕೆ ಗಣಿಯನ್ನು ನಿಲ್ಲಿಸಬೇಕಾಯಿತು. ಆರಂಭದಲ್ಲಿ ಕೇಳದೆ ಬಿಟ್ಟ ಪ್ರಶ್ನೆಗಳು ಕಡೆಯಲ್ಲಿ ನ್ಯಾಯಾಲಯದಲ್ಲಿ ಕೇಳಿಬಂದುವು. ವಿಳಂಬವು ತಪ್ಪಿತೆ? ಇಲ್ಲ, ಸ್ಥಳಾಂತರವಾಯಿತು.

ಇನ್ನೊಂದು ಮಾತು. ಯೂರೋಪಿನ ೨೦೨೪ರ ಕಾಯಿದೆಯು ೨೦೩೦ಕ್ಕೆ ಗುರಿಗಳನ್ನು ಹಾಕಿಕೊಂಡಿದೆ: ವಾರ್ಷಿಕ ಬಳಕೆಯ ನೂರಕ್ಕೆ ೧೦ರಷ್ಟನ್ನು ತನ್ನ ನೆಲದಿಂದ ತೆಗೆಯುವುದು, ೪೦ರಷ್ಟನ್ನು ತನ್ನಲ್ಲಿ ಸಂಸ್ಕರಿಸುವುದು, ೨೫ರಷ್ಟನ್ನು ಹಳೆಯ ಸಾಮಗ್ರಿಗಳಿಂದ ಮರಳಿ ಪಡೆಯುವುದು. ಅಗೆತಕ್ಕಿಂತ ಸಂಸ್ಕರಣಕ್ಕೂ ಪುನರ್ಬಳಕೆಗೂ ಅಲ್ಲಿ ದೊಡ್ಡ ಪಾಲು. ನಮ್ಮ ಸರ್ಕಾರವೂ ೨೦೨೫ರ ಸೆಪ್ಟೆಂಬರಿನಲ್ಲಿ ಹಳೆಯ ಬ್ಯಾಟರಿ ಮತ್ತು ವಿದ್ಯುನ್ಮಾನ ತ್ಯಾಜ್ಯಗಳಿಂದ ಖನಿಜಗಳನ್ನು ಮರಳಿ ಪಡೆಯುವುದಕ್ಕೆ ೧,೫೦೦ ಕೋಟಿ ರೂಪಾಯಿಯ ಪ್ರೋತ್ಸಾಹ ಯೋಜನೆಯನ್ನು ಒಪ್ಪಿದುದು ಶ್ಲಾಘ್ಯವಾದುದು. ಆದರೆ ೧೬,೩೦೦ ಕೋಟಿಯ ಎದುರಿಗೆ ಅದು ಹತ್ತನೆಯ ಒಂದು ಪಾಲಿಗೂ ಕಡಿಮೆ. ಎಲ್ಲಿ ಹಣವಿದೆಯೋ ಅಲ್ಲಿ ಗ್ರಂಥಕರ್ತನ ಆಸಕ್ತಿಯೂ ಇದೆಯೆಂದು ತಿಳಿದರೆ ತಪ್ಪಾಗದು.

೭. ತೀರ್ಮಾನ

ಈ ನೀತಿಗ್ರಂಥಕ್ಕೆ ಕೊಡುವವನಿದ್ದಾನೆ, ವಸ್ತುವಿದೆ; ಎಲ್ಲೆಯು ಅಸ್ಪಷ್ಟವಾಗಿದೆ, ಸಾಕ್ಷಿಯನ್ನು ಹೊಡೆದುಹಾಕಿದೆ. ಇಂಥ ತಾಮ್ರಪಟವು ನಮ್ಮ ಕೈಗೆ ಬಂದಿದ್ದರೆ ಅದನ್ನು ನಂಬಲರ್ಹವೆಂದು ನಾವು ಸಂಪಾದಿಸುತ್ತಿರಲಿಲ್ಲ. ಆದಕಾರಣ ಮೂರು ಸಂಗತಿಗಳನ್ನು ವಿದ್ವಾಂಸರ ಪರ್ಯಾಲೋಚನೆಗೆ ಒಪ್ಪಿಸುವೆವು. ಪಟ್ಟಿಗೆ ಸೇರಿದ ಪ್ರತಿಯೊಂದು ಖನಿಜಕ್ಕೂ ಅದು ಯಾರಿಗೆ, ಯಾವ ಕೆಲಸಕ್ಕೆ, ಎಷ್ಟು ಕಾಲದವರೆಗೆ ಅವಶ್ಯವೆಂಬ ಕಾರಣವನ್ನು ಜೊತೆಯಲ್ಲಿಯೇ ಪ್ರಕಟಿಸಬೇಕು. ಶೋಧನೆಗೆ ಒಳಪಡುವ ಊರುಗಳ ಹೆಸರನ್ನೂ ಅಂದಾಜಿನ ದೃಢತೆಯ ಮಟ್ಟವನ್ನೂ ಹರಾಜಿಗೆ ಮುನ್ನವೇ ಆ ಊರಿನ ಭಾಷೆಯಲ್ಲಿ ತಿಳಿಸಬೇಕು. ಅಹವಾಲು ಸಭೆಯನ್ನು ಮರಳಿ ಸ್ಥಾಪಿಸಬೇಕು. ವಿಳಂಬವು ದೋಷವಾದರೆ ಕಾಲಮಿತಿಯನ್ನು ಹಾಕಲಿ, ಸಭೆಯನ್ನು ತೆಗೆಯದಿರಲಿ.

ಶಬ್ದದ ವಿಷಯದಲ್ಲಿಯೂ ನಮ್ಮ ಪಾಲಿನ ಕೆಲಸವಿದೆ. ‘ನಿರ್ಣಾಯಕ ಖನಿಜ’ವು ಪಠ್ಯಪುಸ್ತಕಗಳಿಗೂ ನಿಘಂಟುಗಳಿಗೂ ಬರುವ ಕಾಲ ದೂರವಿಲ್ಲ. ಅದನ್ನು ‘ಅತ್ಯವಶ್ಯ ಖನಿಜ’ವೆಂದರೆ, ಯಾರಿಗೆ ಅವಶ್ಯವೆಂಬ ಪ್ರಶ್ನೆಯು ತಾನಾಗಿಯೇ ಹುಟ್ಟುವುದು. ತರಗತಿಯಲ್ಲಿ ಒಬ್ಬ ವಿದ್ಯಾರ್ಥಿಯು ಆ ಪ್ರಶ್ನೆಯನ್ನು ಕೇಳುವಂತಾದರೆ ಭಾಷೆಯನ್ನು ಕಲಿಸುವವರ ಶ್ರಮವು ಸಾರ್ಥಕವಾಯಿತೆಂದೇ ಹೇಳಬೇಕು. ನಿರ್ಣಾಯಕರೆಂಬ ಹೆಸರು ಮಾತ್ರ, ವ್ಯಾಕರಣವು ಹೇಳುವಂತೆ, ನಿರ್ಣಯವನ್ನು ಮಾಡತಕ್ಕ ಮನುಷ್ಯರಿಗೇ ಉಳಿಯಲಿ. ಅವರಲ್ಲಿ ಆ ನೆಲದ ಮೇಲೆ ಬಾಳುವವರೂ ಸೇರಿರಲಿ.